ಅಪ್ಪನ ಫೋಲ್ಡರಿಗೆ ಪೌತಿ ಖಾತೆ

ತಿಪಟೂರಿನಿಂದ ಸ್ವಲ್ಪ ಒಳಗೆ ನಮ್ಮೂರು. ಅಲ್ಲಿನ ಮನೆಯಲ್ಲಿ ಒಂದು ಹಳೇ ಕಂಪ್ಯೂಟರ್ ಇದೆ. 2010ರಲ್ಲಿ ಅಪ್ಪ ಹೈಸ್ಕೂಲು ಮೇಷ್ಟ್ರ ಕೆಲಸದಿಂದ ನಿವೃತ್ತರಾದಾಗ ತಗೊಂಡಿದ್ದು. ಅಂಗಡಿಯವರೇ ಬಿಡಿಭಾಗ ಜೋಡಿಸಿ ಕೊಟ್ಟ ಮೆಷೀನು, ಒಳಗೆ ವಿಂಡೋಸ್ 7. ಇವತ್ತಿಗೂ ಓಡ್ತಾ ಇದೆ. ಆನ್ ಮಾಡಿ, ಒಳಗೆ ಹೋಗಿ ಕಾಫಿ ಕುಡಿದು ಬಂದರೆ ಅಷ್ಟು ಹೊತ್ತಿಗೆ ಸಿದ್ಧವಾಗಿರುತ್ತೆ :-)

ಆ ಕಂಪ್ಯೂಟರಿನಲ್ಲಿ ನಾನು ಮಾಡಿದ ಒಂದು ಎಡವಟ್ಟಿನ ಬಗ್ಗೆ ಬರೀಬೇಕು ಅಂತ ಬಹಳ ದಿನದಿಂದ ಅಂದುಕೊಳ್ತಾ ಇದ್ದೆ. ನಾಚಿಕೆ ಆಗಿ ಮುಂದೂಡ್ತಾ ಬಂದೆ. ಮೊನ್ನೆ ಗೆಳೆಯರೊಬ್ಬರು ಫೋನ್ ಮಾಡಿ, "ನಮ್ಮ ತಂದೆಯವರು ಹೋದ ಮೇಲೆ ಮನೆ ಕಂಪ್ಯೂಟರನ್ನ ಅಮ್ಮ ಬಳಸ್ತಿದಾರೆ. ಯೂಸರ್ ಫೋಲ್ಡರಿನ ಹೆಸರು ಬದಲಾಯಿಸೋದು ಹೇಗೆ?" ಅಂತ ಕೇಳಿದರು. ಅವರಿಗೆ ಹೇಳಿದ್ದನ್ನೇ ಇಲ್ಲೂ ಹೇಳ್ತೀನಿ. ಬದಲಾಯಿಸಬೇಡಿ. ಯಾಕೆ ಅನ್ನೋದಕ್ಕೆ ಸ್ವಲ್ಪ ಹಿಂದಿನಿಂದ ಶುರು ಮಾಡಬೇಕು.

ಕಂಪ್ಯೂಟರ್ ಜೋಡಿಸೋಕೆ ಬಂದ ಅಂಗಡಿ ಹುಡುಗ ಅಪ್ಪನನ್ನ "ಸಾರ್, ನಿಮ್ಮ ಹೆಸರು?" ಅಂತ ಕೇಳಿ ಟಪಟಪ ಅಂತ ಒತ್ತಿ, ಎಂಟರ್ ಹೊಡೆದು ಹೋದ. ಅಪ್ಪನ ಹೆಸರಿನಲ್ಲಿದ್ದ ಒಂದು 'ಹೆಚ್' ನುಂಗಿಬಿಟ್ಟಿದ್ದ. ಮೂವತ್ತು ವರ್ಷಕ್ಕೂ ಮೇಲೆ ಮಕ್ಕಳ ನೋಟ್ಸಿನಲ್ಲಿ ಕಾಗುಣಿತಕ್ಕೆ ಕೆಂಪು ಸುನ್ನೆ ಸುತ್ತಿದ ಮೇಷ್ಟ್ರಿಗೆ ದಿನಾ ಬೆಳಿಗ್ಗೆ ತಮ್ಮದೇ ಹೆಸರು ತಪ್ಪಾಗಿ ಕಾಣೋದು ಅಂದ್ರೆ ಹೇಗಿರಬೇಡ! ಒಂದು ವಾರ ತಡೆದುಕೊಂಡರು. ಆಮೇಲೆ ತಾವೇ ಹುಡುಕಾಡಿ, ಕಂಟ್ರೋಲ್ ಪ್ಯಾನೆಲಿನೊಳಗೆ ಹೋಗಿ ಹೆಸರು ತಿದ್ದಿ, ನನಗೆ ಫೋನ್ ಮಾಡಿದರು. "ಸರಿ ಮಾಡ್ದೆ ಕಣಯ್ಯ."

ಪಾಪ, ತಿದ್ದಿದ್ದು ಹೊರಗಿನ ಹೆಸರನ್ನ ಮಾತ್ರ. ಸಿ ಡ್ರೈವಿನ ಒಳಗೆ 'ಯೂಸರ್ಸ್' ಅಂತ ಒಂದು ಫೋಲ್ಡರ್ ಇರುತ್ತಲ್ಲ, ಅದರೊಳಗೆ ಅಪ್ಪನ ಫೋಲ್ಡರಿಗೆ ಅದೇ ಅಂಗಡಿ ಹುಡುಗನ ಕಾಗುಣಿತ ಉಳಿದುಕೊಂಡಿತ್ತು. ಅಪ್ಪನಿಗೆ ಅದು ಗೊತ್ತಾಗಲೇ ಇಲ್ಲ. ಗೊತ್ತಾಗದೇ ಇದ್ದದ್ದೇ ಒಳ್ಳೇದಾಯ್ತು ಬಿಡಿ.

ಹೀಗ್ಯಾಕೆ ಅಂದ್ರೆ, ವಿಂಡೋಸಿನಲ್ಲಿ ಒಬ್ಬರ ಹೆಸರು ಒಂದೇ ಕಡೆ ಇರೋದಿಲ್ಲ. ಹಳ್ಳಿ ಲೆಕ್ಕದಲ್ಲೇ ಹೇಳ್ತೀನಿ. ಲಾಗಿನ್ ಪರದೆಯಲ್ಲಿ ಕಾಣೋ ಹೆಸರು ಮನೆ ಮುಂದೆ ಹಾಕಿರೋ ನಾಮಫಲಕ ಇದ್ದ ಹಾಗೆ. ಪೇಂಟರನ್ನ ಕರೆಸಿ ಯಾವಾಗ ಬೇಕಾದ್ರೂ ಬದಲಾಯಿಸಬಹುದು. 'ಯೂಸರ್ಸ್' ಒಳಗಿನ ಫೋಲ್ಡರೇ ಮನೆ. ನಿಮ್ಮ ಡಾಕ್ಯುಮೆಂಟು, ಚಿತ್ರ, ಡೆಸ್ಕ್‌ಟಾಪು, ಪ್ರತಿ ತಂತ್ರಾಂಶವೂ ಬಚ್ಚಿಟ್ಟುಕೊಂಡಿರೋ ನಿಮ್ಮ ಸೆಟ್ಟಿಂಗು ಎಲ್ಲಾ ಅದರೊಳಗೆ. ಖಾತೆ ಮಾಡಿದ ದಿನ ಕೊಟ್ಟ ಹೆಸರೇ ಅದಕ್ಕೆ ಕಾಯಂ. ಇವೆರಡೂ ಅಲ್ಲದೆ ತಾಲ್ಲೂಕು ಕಚೇರಿಯ ದಾಖಲೆ ಥರ ಇನ್ನೊಂದಿದೆ, ಅದೇ ರಿಜಿಸ್ಟ್ರಿ. ಅದರಲ್ಲಿ 'ಪ್ರೊಫೈಲ್‌ಲಿಸ್ಟ್' ಅನ್ನೋ ಕಡೆ ಪ್ರತಿ ಖಾತೆಗೂ ಒಂದು ಉದ್ದನೆಯ ನಂಬರ್ ಇರುತ್ತೆ. ಎಸ್‌ಐಡಿ ಅಂತಾರೆ, ಸರ್ವೆ ನಂಬರ್ ಅಂದುಕೊಳ್ಳಿ. ಆ ನಂಬರಿನ ಮುಂದೆ 'ಇವರ ಮನೆ ಇಂಥಾ ಫೋಲ್ಡರ್' ಅಂತ ಬರೆದಿರುತ್ತೆ. ನೀವು ಲಾಗಿನ್ ಆದಾಗ ವಿಂಡೋಸ್ ನಾಮಫಲಕ ನೋಡೋದಿಲ್ಲ. ಸರ್ವೆ ನಂಬರ್ ಹಿಡಿದು, ದಾಖಲೆಯಲ್ಲಿರೋ ವಿಳಾಸಕ್ಕೆ ಹೋಗಿ ಬಾಗಿಲು ತಟ್ಟುತ್ತೆ.

ವಿಂಡೋಸ್ ಎಕ್ಸ್‌ಪಿಯಲ್ಲೂ ಇದೇ ಕಥೆ. ಅಲ್ಲಿ ಮನೆಗಳೆಲ್ಲ 'ಡಾಕ್ಯುಮೆಂಟ್ಸ್ ಅಂಡ್ ಸೆಟ್ಟಿಂಗ್ಸ್' ಅನ್ನೋ ಕೇರಿಯಲ್ಲಿದ್ದವು. ವಿಸ್ಟಾ ಬಂದಾಗ ಕೇರಿಯ ಹೆಸರು 'ಯೂಸರ್ಸ್' ಅಂತಾಯ್ತು. ಆಗ ಹಳೇ ವಿಳಾಸ ಹುಡುಕಿಕೊಂಡು ಬರೋ ತಂತ್ರಾಂಶಗಳು ದಾರಿ ತಪ್ಪದೇ ಇರಲಿ ಅಂತ ಹಳೇ ಹೆಸರಿನಲ್ಲೊಂದು ಕೈಮರ ನೆಟ್ಟು ಹೊಸ ಜಾಗಕ್ಕೆ ಕಳಿಸೋ ಏರ್ಪಾಡು ಮಾಡಿದರು. ವಿಂಡೋಸ್ ಮಾಡಿದವರೇ ಹೆಸರು ಬದಲಾಯಿಸುವಾಗ ಅಷ್ಟು ಜೋಪಾನ ಮಾಡಿದ್ದರು. ನಾನು ಮಾಡಲಿಲ್ಲ.

ಅಪ್ಪ 2022ರಲ್ಲಿ ತೀರಿಕೊಂಡರು.

ಆಮೇಲಿನ ಕೆಲಸಗಳು ನಿಮಗೆಲ್ಲ ಗೊತ್ತಿರೋದೇ. ಬ್ಯಾಂಕು, ಪಿಂಚಣಿ, ಗ್ಯಾಸು, ಕರೆಂಟು. ತೆಂಗಿನ ತೋಟ ಅಪ್ಪನ ಹೆಸರಿನಲ್ಲಿತ್ತು. ಮರಣ ಪ್ರಮಾಣ ಪತ್ರ, ವಂಶವೃಕ್ಷ ಹಿಡಿದುಕೊಂಡು ನಾನೂ ತಮ್ಮನೂ ನಾಡಕಚೇರಿಗೆ ಓಡಾಡಿ ಪೌತಿ ಖಾತೆ ಮಾಡಿಸಿದೆವು. ಕೊನೆಗೊಂದು ದಿನ ಪಹಣಿಯಲ್ಲಿ ಅಮ್ಮನ ಹೆಸರು ಬಂತು. ಅಮ್ಮ ಕನ್ನಡಕ ಹಾಕಿಕೊಂಡು ಆ ಕಾಗದವನ್ನ ಎರಡು ಸಲ ಓದಿ, ಏನೂ ಮಾತಾಡದೆ ದೇವರ ಮುಂದಿಟ್ಟರು.

ಅಮ್ಮನಿಗೆ ಕಂಪ್ಯೂಟರ್ ಹೊಸದಲ್ಲ. ಅಪ್ಪ ಇದ್ದಾಗಲೇ ನುಡಿಯಲ್ಲಿ ಟೈಪ್ ಮಾಡೋದು ಕಲಿತಿದ್ದರು. ಸೋಬಾನೆ ಪದಗಳನ್ನ ಬರೆದಿಡ್ತಿದ್ದರು. ಎಣ್ಣೆ ಅರಿಶಿನಕ್ಕೆ ಹೇಳೋದು, ಹಸೆಗೆ ಕರೆಯೋದು, ಆರತಿದು, ಬೀಗರನ್ನ ಆಡಿಕೊಳ್ಳೋದು... ನಮ್ಮಜ್ಜಿಯಿಂದ ಬಂದದ್ದು, ನಮ್ಮ ದೊಡ್ಡಮ್ಮನಿಗೆ ಬರೋದು, ಊರಿನ ಇನ್ನೊಬ್ಬರು ಮುದುಕಿಗೆ ಬರೋದು ಎಲ್ಲಾ. ಒಂದೊಂದೇ ಅಕ್ಷರ ಹುಡುಕಿ ಹುಡುಕಿ ಒತ್ತಿ ನಲವತ್ತಕ್ಕೂ ಹೆಚ್ಚು ಹಾಡು ಸೇರಿಸಿದ್ದರು. ಎಲ್ಲಾ ಇದ್ದದ್ದು ಅಪ್ಪನ ಖಾತೆಯಲ್ಲಿ, ಅಪ್ಪನ ಫೋಲ್ಡರಿನಲ್ಲಿ. ಬೇರೆ ಖಾತೆ ಇರಲೇ ಇಲ್ಲ. ಬೇಕು ಅಂತ ನಮಗ್ಯಾರಿಗೂ ಹೊಳೆದಿರಲೇ ಇಲ್ಲ ಅನ್ನೋದು ಸರಿಯಾದ ಮಾತು.

2023ರ ಯುಗಾದಿಗೆ ಊರಿಗೆ ಹೋದಾಗ ತಮ್ಮ ಹೇಳಿದ, "ಅಣ್ಣಾ, ತೋಟದ್ದು ಆಯ್ತು. ಇದಕ್ಕೂ ಒಂದು ಪೌತಿ ಖಾತೆ ಮಾಡಿಬಿಡು. ಅಮ್ಮ ಎಷ್ಟು ದಿನ ಅಂತ ಅಪ್ಪನ ಹೆಸರು ಒತ್ತಿ ಒಳಗೆ ಹೋಗ್ತಾರೆ?"

ನನಗೂ ಸರಿ ಅನ್ನಿಸಿತು. ಬೆಂಗಳೂರಿನಲ್ಲಿ ಕಂಪ್ಯೂಟರ್ ಮುಂದೆ ಕೂತೇ ಅನ್ನ ಸಂಪಾದಿಸೋನು ನಾನು. ಫೋಲ್ಡರಿನ ಹೆಸರು ಬದಲಾಯಿಸೋದು ಯಾವ ದೊಡ್ಡ ಕೆಲಸ? ರಾತ್ರಿ ಊಟ ಆದ ಮೇಲೆ ಕೂತೆ. ಮೊದಲು ನಾಮಫಲಕ ಬದಲಾಯಿಸಿ 'ಅಮ್ಮ' ಅಂತ ಹಾಕಿದೆ. ಲಾಗಿನ್ ಆಗಿರೋ ಖಾತೆಯ ಫೋಲ್ಡರನ್ನ ಅದರೊಳಗೇ ಕೂತು ಬದಲಾಯಿಸೋಕೆ ವಿಂಡೋಸ್ ಬಿಡೋದಿಲ್ಲ. ಅದಕ್ಕೆ ಇನ್ನೊಂದು ಅಡ್ಮಿನಿಸ್ಟ್ರೇಟರ್ ಖಾತೆ ಮಾಡಿ, ಅಲ್ಲಿಂದ ಅಪ್ಪನ ಫೋಲ್ಡರಿಗೆ ಅಮ್ಮನ ಹೆಸರು ಕೊಟ್ಟೆ. ಅಷ್ಟು ಹೊತ್ತಿಗೆ ಕರೆಂಟು ಹೋಯ್ತು. ಯುಪಿಎಸ್ ಕೀ ಕೀ ಅಂತು. ಶಟ್‌ಡೌನ್ ಮಾಡಿ ಮಲಗಿದೆ. ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಟುಬಿಟ್ಟೆ.

ರಿಜಿಸ್ಟ್ರಿಯಲ್ಲಿ ವಿಳಾಸ ತಿದ್ದೋದು ಉಳಿದಿತ್ತು. ಮರೆತಿದ್ದೆ.

ಇಂಥಾ ಸ್ಥಿತಿಯಲ್ಲಿ ವಿಂಡೋಸ್ 7 ಏನು ಮಾಡುತ್ತೆ ಅನ್ನೋದನ್ನ ದಯವಿಟ್ಟು ನೆನಪಿಟ್ಟುಕೊಳ್ಳಿ. ದಾಖಲೆಯಲ್ಲಿರೋ ವಿಳಾಸಕ್ಕೆ ಹೋಗುತ್ತೆ, ಅಲ್ಲಿ ಮನೆ ಇಲ್ಲ. 'ಮನೆ ಸಿಗ್ತಿಲ್ಲ' ಅಂತ ಬಾಗಿಲಲ್ಲೇ ನಿಲ್ಲಿಸಿದ್ದರೆ ಒಳ್ಳೇದಿತ್ತು. ಅದು ಹಾಗೆ ಮಾಡಲ್ಲ, 'ಟೆಂಪ್' ಅನ್ನೋ ಹೆಸರಿನಲ್ಲಿ ಒಂದು ತಾತ್ಕಾಲಿಕ ಫೋಲ್ಡರ್ ಕಟ್ಟಿ ಒಳಗೆ ಬಿಟ್ಟುಕೊಳ್ಳುತ್ತೆ. ಮೂಲೆಯಲ್ಲಿ ಇಂಗ್ಲಿಷಿನಲ್ಲಿ ಒಂದು ಸೂಚನೆ ಬರುತ್ತೆ. ನೀವು ತಾತ್ಕಾಲಿಕ ಪ್ರೊಫೈಲಿನಲ್ಲಿದ್ದೀರಿ, ಇಲ್ಲಿ ಮಾಡಿದ ಕಡತಗಳೆಲ್ಲ ಲಾಗ್‌ಆಫ್ ಆದಾಗ ಅಳಿಸಿಹೋಗುತ್ತವೆ ಅಂತ ಅದರ ಅರ್ಥ. ಮದುವೆ ಚಪ್ಪರದ ಥರ. ಸಂಜೆಗೆ ಕಿತ್ತು ಹಾಕ್ತಾರೆ.

ಅಮ್ಮ ಆನ್ ಮಾಡಿದರು. ಡೆಸ್ಕ್‌ಟಾಪಿನಲ್ಲಿದ್ದ ಅಪ್ಪನ ಫೋಟೋ ಇರಲಿಲ್ಲ. ಡಾಕ್ಯುಮೆಂಟಿನಲ್ಲಿ ಹಾಡುಗಳಿರಲಿಲ್ಲ. ನಾನು ಹಿಂದಿನ ರಾತ್ರಿ ಏನೋ ಮಾಡ್ತಿದ್ದದ್ದನ್ನ ನೋಡಿದ್ದರಲ್ಲ, ಎಲ್ಲಾ ಬೇರೆ ಕಡೆ ಎತ್ತಿಟ್ಟಿದಾನೆ ಅಂದುಕೊಂಡರು. ಮೂಲೆಯಲ್ಲಿ ಬಂದ ಇಂಗ್ಲಿಷ್ ಚೀಟಿಯನ್ನ ಮುಚ್ಚಿದರು. ಆ ವಾರ ದೊಡ್ಡಮ್ಮ ನಮ್ಮನೆಯಲ್ಲೇ ಇದ್ದರು, ಎಂಬತ್ತು ದಾಟಿದವರು. ಅವರು ಹೇಳ್ತಾ ಹೋದರು, ಅಮ್ಮ ಒತ್ತುತ್ತಾ ಹೋದರು. ಮೊದಲ ದಿನ ಎರಡು ಹಾಡು. ಸೇವ್ ಮಾಡಿ, ಸರಿಯಾಗಿ ಶಟ್‌ಡೌನ್ ಮಾಡಿ ಎದ್ದರು. ಮಾರನೇ ದಿನ ನೋಡಿದರೆ ಇಲ್ಲ. ಮತ್ತೆ ಕೂತು ಒತ್ತಿದರು. ಮೂರನೇ ದಿನವೂ ಇಲ್ಲ. ಹೀಗೆ ಮೂರು ದಿನ.

ನಾಲ್ಕನೇ ದಿನ ಫೋನ್ ಬಂತು. ಅಮ್ಮ ಬೈಯಲಿಲ್ಲ. "ನಾನೇ ಏನೋ ತಪ್ಪು ಒತ್ತಿರಬೇಕು ಕಣೋ. ಸೇವ್ ಮಾಡಿದ್ದು ಉಳೀತಿಲ್ಲ. ನನಗೆ ವಯಸ್ಸಾಯ್ತು ಅನ್ಸುತ್ತೆ."

ಈ ಮಾತು ಕೇಳಿ ನನಗಾದ ಸಂಕಟ ಇದೆಯಲ್ಲ... ತಪ್ಪು ಮಾಡಿದವನು ನಾನು, ತನ್ನ ತಲೆಯನ್ನೇ ಅನುಮಾನಿಸಿಕೊಂಡವರು ಅಮ್ಮ.

ಶನಿವಾರ ಓಡಿದೆ. ರಿಜಿಸ್ಟ್ರಿ ತೆಗೆದು ನೋಡಿದರೆ ಅಪ್ಪನ ನಂಬರಿನ ದಾಖಲೆಗೆ ವಿಂಡೋಸ್ ತಾನೇ '.ಬಿಎಕೆ' ಅಂತ ಬಾಲ ಸೇರಿಸಿ ಪಕ್ಕಕ್ಕಿಟ್ಟಿತ್ತು. ಅದೇ ನಂಬರಿಗೆ ಟೆಂಪ್ ಫೋಲ್ಡರಿನ ವಿಳಾಸ ಹಾಕಿ ಹೊಸ ದಾಖಲೆ ಮಾಡಿಕೊಂಡಿತ್ತು. ಹೊಸದನ್ನ ಅಳಿಸಿ, ಹಳೇದರ ಬಾಲ ಕತ್ತರಿಸಿ, ಫೋಲ್ಡರಿಗೆ ಮತ್ತೆ ಅಂಗಡಿ ಹುಡುಗನ ಕಾಗುಣಿತವನ್ನೇ ಕೊಟ್ಟೆ. ಲಾಗಿನ್ ಆದ ಕೂಡಲೇ ಅಪ್ಪನ ಫೋಟೋ ಬಂತು. ನಲವತ್ತು ಹಾಡೂ ಸುರಕ್ಷಿತವಾಗಿದ್ದವು. ಆದರೆ ಆ ಮೂರು ದಿನದ್ದು ಹೋಗಿತ್ತು. ಅಳಿಸಿಹೋದ ಕಡತ ಹುಡುಕೋ ತಂತ್ರಾಂಶ ಓಡಿಸಿದೆ. ಚೂರುಪಾರು ಸಿಕ್ಕಿತು, ಓದೋ ಹಾಗಿರಲಿಲ್ಲ. ದೊಡ್ಡಮ್ಮನನ್ನ ಕೂರಿಸಿ ಮತ್ತೆ ಹೇಳಿಸಿದೆವು. ಎರಡು ಹಾಡು ಪೂರ್ತಿ ಬಂದವು. ಇನ್ನೆರಡು ಅರ್ಧಕ್ಕೆ ನಿಂತವು. "ಮೊನ್ನೆ ಬಂದಿತ್ತಲ್ಲೇ, ಈಗ ನಾಲಿಗೆ ಮೇಲೆ ಬರ್ತಾ ಇಲ್ಲ" ಅಂದರು. ಆಮೇಲೂ ಬರಲಿಲ್ಲ.

ಅವತ್ತಿನಿಂದ ನನ್ನ ಅಭಿಪ್ರಾಯ ಗಟ್ಟಿಯಾಗಿದೆ. ಹಳೇ ಮನೆ ಕಂಪ್ಯೂಟರಿನಲ್ಲಿ ಹೋದವರ ಫೋಲ್ಡರಿಗೆ ಇರುವವರ ಹೆಸರು ಬರೆಯೋದು ಬೇಡ. ಇರುವವರಿಗೆ ಹೊಸದಾಗಿ ಒಂದು ಖಾತೆ ಮಾಡಿಕೊಡಿ.

"ರಿಜಿಸ್ಟ್ರಿಯನ್ನೂ ಸರಿಯಾಗಿ ತಿದ್ದಿದ್ದರೆ ಏನೂ ಆಗ್ತಿರಲಿಲ್ಲವಲ್ಲ, ನಿನ್ನ ಮರೆವಿಗೆ ಫೋಲ್ಡರ್ ಏನು ಮಾಡುತ್ತೆ?" ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ತಿದ್ದಿದ್ದರೆ ಲಾಗಿನ್ ಏನೋ ಆಗ್ತಿತ್ತು. ಆದರೆ ಹತ್ತಾರು ವರ್ಷ ಬಾಳಿದ ಕಂಪ್ಯೂಟರಿನಲ್ಲಿ ಒಂದೊಂದು ತಂತ್ರಾಂಶವೂ ಒಂದೊಂದು ಕಾಲದ್ದು. ಕೆಲವು ಪ್ರತಿ ಸಲವೂ 'ಇವರ ಮನೆ ಎಲ್ಲಿ?' ಅಂತ ವಿಂಡೋಸನ್ನ ಕೇಳಿಕೊಂಡು ಹೋಗ್ತವೆ. ಅವಕ್ಕೆ ತೊಂದರೆ ಇಲ್ಲ. ಇನ್ನು ಕೆಲವು ಮೊದಲ ದಿನವೇ ಪೂರ್ತಿ ವಿಳಾಸ ಬರೆದುಕೊಂಡು ಕೂತಿರುತ್ತವೆ. ಹೆಸರು ಬದಲಾದ ಮೇಲೆ ಅವು ಹಳೇ ಬಾಗಿಲಿಗೇ ಹೋಗ್ತವೆ. ಶಾರ್ಟ್‌ಕಟ್ ಕೆಲಸ ಮಾಡೋಲ್ಲ, ಮೇಲ್ ತೆರೆಯೋಲ್ಲ, ಫೋಟೋ ಆಲ್ಬಂ ಖಾಲಿ ಕಾಣುತ್ತೆ. ಯಾವುದು ಹೇಗೆ ಬರೆದುಕೊಂಡಿದೆ ಅಂತ ಮೊದಲೇ ತಿಳಿಯೋ ದಾರಿ ಇಲ್ಲ. ಒಂದು ತಿಂಗಳಾದ ಮೇಲೆ ಒಂದೊಂದಾಗಿ ಗೊತ್ತಾಗುತ್ತೆ. ಆಗ ನೀವು ಊರಿನಲ್ಲಿರೋದಿಲ್ಲ, ಅಮ್ಮ ಒಬ್ಬರೇ ಇರ್ತಾರೆ.

ಹೊಸ ಖಾತೆಯಲ್ಲಿ ಈ ಯಾವ ಅಪಾಯವೂ ಇಲ್ಲ. ಹಳೇದು ಹಾಗೇ ಇರುತ್ತೆ, ಏನಾದರೂ ತಪ್ಪಿದರೆ ವಾಪಸ್ ಹೋಗಬಹುದು. ನಾವು ಕೊನೆಗೆ ಮಾಡಿದ್ದು ಇಷ್ಟು.

ಮೊದಲು ಅಪ್ಪನ ಫೋಲ್ಡರನ್ನ ಇದ್ದ ಹಾಗೇ ಹೊರಗಿನ ಹಾರ್ಡ್ ಡಿಸ್ಕಿಗೆ ನಕಲು ಮಾಡಿದೆವು. ಹಳೇ ಮೆಷೀನಿನಲ್ಲಿ ಏನೇ ಮುಟ್ಟೋ ಮುಂಚೆ ಇದು ಆಗಲೇಬೇಕು. ಆಮೇಲೆ ಅಮ್ಮನ ಹೆಸರಿನಲ್ಲಿ ಖಾತೆ ಮಾಡಿ, ಒಂದು ಸಲ ಲಾಗಿನ್ ಆದೆವು. ಖಾತೆ ಮಾಡಿದ ಕೂಡಲೇ ಫೋಲ್ಡರ್ ಹುಟ್ಟೋದಿಲ್ಲ, ಮೊದಲ ಲಾಗಿನ್ನಿನಲ್ಲಿ ಹುಟ್ಟುತ್ತೆ. ನಂತರ ಹಾಡುಗಳನ್ನ ಅಮ್ಮನ ಫೋಲ್ಡರಿಗೆ ಹಾಕಿದೆವು. ಇಲ್ಲೊಂದು ಸೂಕ್ಷ್ಮ ಇದೆ. ಕಡತಗಳನ್ನ ಕಟ್ ಮಾಡಬೇಡಿ, ಕಾಪಿ ಮಾಡಿ. ಒಂದೇ ಡ್ರೈವಿನೊಳಗೆ ಕಟ್ ಮಾಡಿ ಅಂಟಿಸಿದರೆ ಕಡತದ ಜೊತೆ ಹಳೇ ಖಾತೆಯ ಅನುಮತಿಯೂ ಬರುತ್ತೆ. ಆಮೇಲೆ ಹೊಸ ಖಾತೆಗೆ 'ನಿನಗೆ ಹಕ್ಕಿಲ್ಲ' ಅನ್ನಬಹುದು. ಕಾಪಿ ಮಾಡಿದರೆ ಹೊಸ ಜಾಗದ ಅನುಮತಿ ಸಿಗುತ್ತೆ.

ಕೊನೆಯದಾಗಿ, ಅಮ್ಮನ ಡಾಕ್ಯುಮೆಂಟ್ಸ್ ಫೋಲ್ಡರಿನ ಮೇಲೆ ಬಲಗುಂಡಿ ಒತ್ತಿ, ಪ್ರಾಪರ್ಟೀಸಿನ 'ಲೊಕೇಶನ್' ಅನ್ನೋ ಕಡೆ ಡಿ ಡ್ರೈವಿನ ಒಂದು ಫೋಲ್ಡರ್ ತೋರಿಸಿದೆವು. ಈಗ ಅಮ್ಮ ಎಂದಿನ ಹಾಗೆ ಸೇವ್ ಮಾಡ್ತಾರೆ, ಹಾಡು ಮಾತ್ರ ಡಿ ಡ್ರೈವಿನಲ್ಲಿ ಕೂರುತ್ತೆ. ನಾಳೆ ವಿಂಡೋಸ್ ಕೆಟ್ಟರೂ, ಯಾರಾದರೂ ನನ್ನಂಥ ಜಾಣ ಬಂದು ಫೋಲ್ಡರಿನ ಹೆಸರು ಕೆಡಿಸಿದರೂ ಹಾಡಿಗೆ ತೊಂದರೆ ಇಲ್ಲ. ಡಿ ಡ್ರೈವ್ ಇರೋದೂ ಅದೇ ಹಳೇ ಡಿಸ್ಕಿನಲ್ಲಿ, ಹಾಗಾಗಿ ತಿಂಗಳಿಗೊಮ್ಮೆ ಪೆನ್‌ಡ್ರೈವಿಗೆ ನಕಲು ಮಾಡೋದು ತಪ್ಪಿಸೋ ಹಾಗಿಲ್ಲ.

ತಮ್ಮ ಅಪ್ಪನ ಖಾತೆಯನ್ನ ಅಳಿಸಿಬಿಡೋಣ ಅಂದ. ನಾನು ಬೇಡ ಅಂದೆ. ಅದರೊಳಗೆ ಏನೇನಿದೆ ಅಂತ ನಾವಿನ್ನೂ ಪೂರ್ತಿ ನೋಡಿಲ್ಲ. ಕೊಬ್ಬರಿ ಮಾರಿದ ಲೆಕ್ಕ ಇದೆ, ಯಾರ್ಯಾರಿಗೋ ಬರೆದ ಪತ್ರಗಳಿವೆ. ಬಹಳಷ್ಟು ಯೂನಿಕೋಡಿಗೆ ಮುಂಚಿನ ಅಕ್ಷರಗಳಲ್ಲಿವೆ, ಆ ಫಾಂಟ್ ಇಲ್ಲದ ಕಡೆ ತೆರೆದರೆ ಬರೀ ಇಂಗ್ಲಿಷ್ ಅಕ್ಷರಗಳ ಚೆಲ್ಲಾಪಿಲ್ಲಿ. ಒಂದೊಂದಾಗಿ ಯೂನಿಕೋಡಿಗೆ ಬದಲಾಯಿಸ್ತಾ ಇದೀನಿ. ತೋಟಕ್ಕೆ ಪೌತಿ ಖಾತೆ ಬೇಕು, ಯಾಕಂದ್ರೆ ನೆಲ ಒಂದೇ. ಅದನ್ನ ಇನ್ನೊಬ್ಬರ ಹೆಸರಿಗೆ ಬರೆಯದೆ ಗತಿ ಇಲ್ಲ. ಕಂಪ್ಯೂಟರಿನಲ್ಲಿ ಹಾಗಲ್ಲವಲ್ಲ. ಹೊಸ ಸರ್ವೆ ನಂಬರ್ ಎಷ್ಟು ಬೇಕಾದರೂ ಹುಟ್ಟುತ್ತೆ. ಒಬ್ಬರ ಮನೆ ಖಾಲಿ ಮಾಡಿಸಿ ಇನ್ನೊಬ್ಬರಿಗೆ ಕೊಡೋ ಅಗತ್ಯ ಏನಿದೆ?

ಅನಿವಾರ್ಯವಾಗಿ ಬದಲಾಯಿಸಲೇಬೇಕಾದವರೂ ಇದ್ದಾರೆ, ಇಲ್ಲ ಅನ್ನೋಲ್ಲ. ಫೋಲ್ಡರಿನ ಹೆಸರಿನಲ್ಲಿ ಖಾಲಿ ಜಾಗ ಇದ್ದರೆ ಮುಗ್ಗರಿಸೋ ಹಳೇ ತಂತ್ರಾಂಶಗಳಿವೆ. ಅಂಥವರು ಇನ್ನೊಂದು ಅಡ್ಮಿನಿಸ್ಟ್ರೇಟರ್ ಖಾತೆಯಿಂದ ಫೋಲ್ಡರ್ ಬದಲಾಯಿಸಿ, ಅದೇ ಕೂತಲ್ಲೇ ರಿಜಿಸ್ಟ್ರಿಯ ವಿಳಾಸವನ್ನೂ ತಿದ್ದಿ, ಹಳೇ ಹೆಸರಿನಲ್ಲೊಂದು ಕೈಮರ ನೆಡಿ. ಜಂಕ್ಷನ್ ಅಂತಾರೆ ಅದಕ್ಕೆ, 'ಎಂಕೆಲಿಂಕ್' ಅನ್ನೋ ಆದೇಶದಿಂದ ಆಗುತ್ತೆ. ಆಮೇಲೆ ಬಳಸೋರನ್ನ ಪಕ್ಕದಲ್ಲಿ ಕೂರಿಸಿಕೊಂಡು ಲಾಗಿನ್ ಮಾಡಿಸಿ, ಏನಾದರೊಂದು ಸೇವ್ ಮಾಡಿಸಿ, ಶಟ್‌ಡೌನ್ ಮಾಡಿ, ಮತ್ತೆ ಆನ್ ಮಾಡಿ, ಆ ಕಡತ ಉಳಿದಿದೆ ಅಂತ ಕಣ್ಣಾರೆ ನೋಡೋ ತನಕ ಬಸ್ ಹತ್ತಬೇಡಿ.

ಇನ್ನೊಂದು ವಿಷಯ, ಕನ್ನಡದಲ್ಲಿ ಬರೆಯೋ ನಮ್ಮಂಥವರಿಗೆ. ಖಾತೆಯನ್ನ ಕನ್ನಡ ಅಕ್ಷರದಲ್ಲೇ ಮಾಡಬಹುದಾ ಅಂತ ಆಸೆ ಆಗುತ್ತೆ. ಮಾಡಬಹುದು. ಫೋಲ್ಡರೂ ಕನ್ನಡದಲ್ಲೇ ಹುಟ್ಟುತ್ತೆ, ನೋಡೋಕೆ ಚೆನ್ನ. ಆದರೆ ಯೂನಿಕೋಡ್ ಅರಿಯದ ಹಳೇ ತಂತ್ರಾಂಶಗಳಿಗೆ ಅದು ಬರೀ ಪ್ರಶ್ನಾರ್ಥಕ ಚಿಹ್ನೆಗಳ ಸಾಲು. ಅಂಥ ವಿಳಾಸಕ್ಕೆ ಅವು ಹೋಗಲಾರವು. ಹಳೇ ಕಾಲದ ವಿಂಡೋಸಿನಲ್ಲಿ ಭಾಷೆಗೊಂದರಂತೆ ಇದ್ದ ಅಕ್ಷರ ಪಟ್ಟಿಗಳಲ್ಲಿ ಕನ್ನಡಕ್ಕೆ ಜಾಗವೇ ಇರಲಿಲ್ಲ. ಹಾಗಾಗಿ ಹಳೇ ಕಂಪ್ಯೂಟರಿನಲ್ಲಿ ನನ್ನ ಸಲಹೆ ಇಷ್ಟು: ಖಾತೆ ಮಾಡುವಾಗ ಇಂಗ್ಲಿಷ್ ಅಕ್ಷರದಲ್ಲಿ, ಖಾಲಿ ಜಾಗ ಬಿಡದೆ, ಕಾಗುಣಿತ ಸರಿಯಾಗಿ ನೋಡಿ ಹೆಸರು ಕೊಡಿ. ಅದು ಫೋಲ್ಡರಿಗೆ. ಒಂದು ಸಲ ಲಾಗಿನ್ ಆದ ಮೇಲೆ ಕಂಟ್ರೋಲ್ ಪ್ಯಾನೆಲಿನಲ್ಲಿ ನಾಮಫಲಕವನ್ನ ಕನ್ನಡಕ್ಕೆ ತಿರುಗಿಸಿ. ಅಪ್ಪನಿಗೆ ಅಡ್ಡ ಬಂದ ಅದೇ ವ್ಯವಸ್ಥೆ ನಮಗೆ ಅನುಕೂಲಕ್ಕೆ ಬರುತ್ತೆ. ಆ ಮೊದಲ ಹೆಸರು ಹಾಕುವಾಗ ಮಾತ್ರ ಅಂಗಡಿಯವರ ಕೈಗೆ ಕೀಬೋರ್ಡ್ ಕೊಡಬೇಡಿ. ವಿಂಡೋಸ್ 10ರಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಶುರು ಮಾಡಿದರೆ ಇಮೇಲ್ ವಿಳಾಸದ ಮೊದಲ ಐದು ಅಕ್ಷರವೇ ಫೋಲ್ಡರಿನ ಹೆಸರಾಗುತ್ತೆ. ಅನ್ನಪೂರ್ಣ ಅನ್ನೋರು 'ಅನ್ನಪ್' ಆಗಿಬಿಡ್ತಾರೆ!

ಕೊನೆಗೆ, ನನ್ನನ್ನ ಎಲ್ಲಕ್ಕಿಂತ ಹೆಚ್ಚು ಕಾಡಿದ ಮಾತು. ಹದಿಮೂರು ವರ್ಷ ಆ ಕಂಪ್ಯೂಟರಿನಲ್ಲಿ ಅಮ್ಮನ ಹೆಸರಿನಲ್ಲಿ ಖಾತೆ ಇರಲಿಲ್ಲ. ನಾನು ಊರಿಗೆ ಹೋದಾಗಲೆಲ್ಲ ಆಂಟಿವೈರಸ್ ನೋಡಿದೆ, ರ‍್ಯಾಮ್ ಹೆಚ್ಚಿಸಿದೆ, ಕೀಬೋರ್ಡ್ ಬದಲಾಯಿಸಿದೆ. ಖಾತೆ ಮಾಡೋಕೆ ಬೇಕಾಗಿದ್ದದ್ದು ಎರಡು ನಿಮಿಷ. ಅಮ್ಮ ಅಪ್ಪನ ಹೆಸರು ಒತ್ತಿ ಒಳಗೆ ಹೋಗಿ, ಅಪ್ಪನ ಲೆಕ್ಕದ ಕಡತಗಳ ಮಧ್ಯೆ ತಮ್ಮ ಹಾಡಿಗೆ ಜಾಗ ಮಾಡಿಕೊಂಡಿದ್ದರು. ಅವರು ಯಾವತ್ತೂ ಕೇಳಲಿಲ್ಲ, ನಾವು ಯಾವತ್ತೂ ಕೊಡಲಿಲ್ಲ. ಅಪ್ಪ ಹೋದ ಮೇಲಾದರೂ ಕೊಟ್ಟೆವಾ ಅಂದ್ರೆ, ಆಗಲೂ ಅಪ್ಪನ ಫೋಲ್ಡರಿನ ಹೆಸರು ತಿದ್ದಿ ಕೊಡೋಕೆ ಹೋದೆವು.

ಹೊಸ ಖಾತೆ ಆದ ದಿನ ಅಮ್ಮ ಪರದೆ ನೋಡಿದರು. ಪಕ್ಕಪಕ್ಕದಲ್ಲಿ ಎರಡು ಚೌಕ, ಒಂದರಲ್ಲಿ ಅಪ್ಪನ ಹೆಸರು, ಇನ್ನೊಂದರಲ್ಲಿ ಕನ್ನಡದಲ್ಲಿ ತಮ್ಮದು. "ಇದು ನಂದಾ?" ಅಂದರು. ಹೌದು ಅಂದೆ. "ಹಂಗಾದ್ರೆ ಇದರ ಪಾಸ್‌ವರ್ಡ್ ನಿಂಗೆ ಹೇಳಲ್ಲ" ಅಂದರು :-)

ಹೇಳಿಲ್ಲ, ಇವತ್ತಿನ ತನಕ. ಪೆನ್‌ಡ್ರೈವಿನ ನಕಲಿನ ಕೆಲಸವೂ ಈಗ ಅವರದ್ದೇ. ವಿಂಡೋಸ್ 7ಕ್ಕೆ ಸುರಕ್ಷಾ ಪರಿಷ್ಕರಣೆ ಬರೋದು 2020ರ ಜನವರಿಗೇ ನಿಂತಿರೋದರಿಂದ ಆ ಕಂಪ್ಯೂಟರಿಗೆ ಇಂಟರ್ನೆಟ್ ಕೊಟ್ಟಿಲ್ಲ. ಹಾಡು ಬರೆಯೋಕೆ ಅದು ಬೇಕಾಗಿಯೂ ಇಲ್ಲ.

ಮುಂದಿನ ಹಬ್ಬಕ್ಕೆ ಊರಿಗೆ ಹೋದಾಗ ನೀವೂ ಒಂದು ಸಲ ಮನೆ ಕಂಪ್ಯೂಟರಿನ ಸಿ ಡ್ರೈವ್ ತೆಗೆದು, ಅಲ್ಲಿ ಯಾರ್ಯಾರ ಹೆಸರಿನಲ್ಲಿ ಮನೆ ಇದೆ ಅಂತ ನೋಡಿ ಬನ್ನಿ. ಇರಬೇಕಾದವರ ಹೆಸರು ಇಲ್ಲದೇ ಇದ್ದರೆ, ಇರೋ ಹೆಸರನ್ನ ಒರೆಸೋಕೆ ಹೋಗದೆ ಹೊಸದೊಂದನ್ನ ಸೇರಿಸಿ.